ಲ್ಯಾಬಿನ ಅರ್ಧ ಮಾರ್ಕ್ಸ್

ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಕಲಿಸುವ ಲ್ಯಾಬಿನ ಮೊದಲ ದಿನ ನಮ್ಮ ಬ್ಯಾಚಿನ ಅರ್ಧಕ್ಕರ್ಧ ಜನ ಸಿಸ್ಟಮ್‌ನ ಸ್ವಿಚ್ ಆರಿಸಿಯೇ ಎದ್ದು ಬಂದೆವು. ಫೈಲ್ ಬರೆಯೋಕೆ, ತಿದ್ದೋಕೆ ಇದ್ದ ವಿಐ ಅನ್ನುವ ಎಡಿಟರ್‌ನಿಂದ ಹೊರಗೆ ಬರೋದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದು 2007. ಅಲ್ಲಿಯವರೆಗೆ ನಾವು ಕಂಡಿದ್ದು ಸಿ ಪ್ರೋಗ್ರಾಮ್ ಬರೆಯುವ ಟರ್ಬೊ ಸಿಯ ನೀಲಿ ಪರದೆ ಮಾತ್ರ. ಇಲ್ಲಿ ನೋಡಿದರೆ ಕಪ್ಪು ಪರದೆ, ಎಡಗಡೆ ಸಾಲಾಗಿ ಅಲೆಯಂಥ ಗುರುತು. ಟೈಪ್ ಮಾಡಿದರೆ ಅಕ್ಷರ ಬೀಳದೆ ಕರ್ಸರ್ ಎಲ್ಲೆಲ್ಲೋ ಓಡುತ್ತಿತ್ತು.

"ಎಸ್ಕೇಪ್, ಕೋಲನ್, ಕ್ಯೂ, ಆಶ್ಚರ್ಯ ಚಿಹ್ನೆ, ಎಂಟರ್" ಅಂತ ಲ್ಯಾಬ್ ಸರ್ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟರು. ಇಷ್ಟು ಕಷ್ಟ ಯಾಕೆ ಸರ್ ಅಂದೆ. 1976ರಲ್ಲಿ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಬಿಲ್ ಜಾಯ್ ಅನ್ನುವ ವಿದ್ಯಾರ್ಥಿ ಇದನ್ನು ಬರೆದಾಗ ಅವನ ಟರ್ಮಿನಲ್‌ಗೆ ಮೌಸ್ ಇರಲಿಲ್ಲ, ಪ್ರತ್ಯೇಕ ಬಾಣದ ಕೀಗಳೂ ಇರಲಿಲ್ಲ ಅಂದರು. ಎಚ್, ಜೆ, ಕೆ, ಎಲ್ ಕೀಗಳ ಮೇಲೆಯೇ ಬಾಣ ಅಚ್ಚಾಗಿತ್ತಂತೆ. ಮನೆಯಿಂದ ಕೆಲಸ ಮಾಡುವಾಗ ಮೋಡೆಮ್ ಬರೀ 300 ಬಾಡ್. ಅಕ್ಷರಗಳು ಆಮೆಯ ಹಾಗೆ ಬರುತ್ತಿದ್ದವು. ಅದಕ್ಕೇ ಕಮಾಂಡ್‌ಗಳೆಲ್ಲ ಒಂದೊಂದೇ ಅಕ್ಷರ. ನಮ್ಮ ಕೀಬೋರ್ಡಿನಲ್ಲಿ ಎಸ್ಕೇಪ್ ಮೂಲೆಯಲ್ಲಿದೆ. ಅವನದರಲ್ಲಿ ಅದು ಈಗಿನ ಟ್ಯಾಬ್ ಇರುವ ಜಾಗದಲ್ಲಿ, ಕೈಗೆ ಹತ್ತಿರ. ಇಷ್ಟು ಕೇಳಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು.

ಇನ್ನೊಂದು ದಿನ ನಲವತ್ತು ಸಾಲಿನ ಶೆಲ್ ಸ್ಕ್ರಿಪ್ಟ್ (ಸಾಲಾಗಿ ಓಡುವ ಕಮಾಂಡ್‌ಗಳ ಫೈಲ್) ಬರೆದಿದ್ದೆ, ಸೇವ್ ಮಾಡಿರಲಿಲ್ಲ. ಕರೆಂಟ್ ಹೋಯಿತು. ನನ್ನ ಸಿಸ್ಟಮ್‌ಗೆ ಯುಪಿಎಸ್ ಇರಲಿಲ್ಲ. ಕರೆಂಟ್ ಬಂದ ಮೇಲೆ ಸರ್ ನನ್ನ ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತರು. ವಿಮ್ ಅಂತ ಟೈಪ್ ಮಾಡಿ, ಮೈನಸ್ ಆರ್ ಹಾಕಿ, ಫೈಲಿನ ಹೆಸರು ಕೊಟ್ಟರು. ಕೊನೆಯ ಮೂರ್ನಾಲ್ಕು ಪದ ಬಿಟ್ಟು ಎಲ್ಲಾ ವಾಪಸ್! ನಾವು ವಿಐ ಅನ್ನುತ್ತಿದ್ದದ್ದು ನಿಜಕ್ಕೂ ವಿಮ್, ವಿಐನ ಸುಧಾರಿಸಿದ ರೂಪ. ಅದು 200 ಅಕ್ಷರ ಟೈಪ್ ಮಾಡಿದ ಮೇಲೆ, ಇಲ್ಲವೇ ಕೈ 4 ಸೆಕೆಂಡ್ ಸುಮ್ಮನಿದ್ದಾಗ, ಬರೆದದ್ದನ್ನು ಪಕ್ಕದಲ್ಲೇ ಒಂದು ಅಡಗಿದ ಫೈಲಿಗೆ ಇಳಿಸಿಡುತ್ತದೆ. "ನಾಲ್ಕು ಸೆಕೆಂಡ್ ಕೈ ನಿಲ್ಲಿಸಿ ಯೋಚನೆ ಮಾಡಿದ್ರೆ ಆ ಪದಗಳೂ ಉಳೀತಿದ್ವು ಕಣಯ್ಯಾ" ಅಂದರು ಸರ್.

ವಿಮ್ ತೆರೆದಾಗ ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿ ಅನ್ನುವ ಒಂದು ಸಾಲು ಕಾಣುತ್ತಿತ್ತು. ಮೊದಲು ಜಾಹೀರಾತು ಅಂದುಕೊಂಡಿದ್ದೆ. ಬ್ರಾಮ್ ಮೂಲೆನಾರ್ ಅನ್ನುವ ಪ್ರೋಗ್ರಾಮರ್ 1991ರಲ್ಲಿ ವಿಮ್ ಬಿಡುಗಡೆ ಮಾಡಿದವರು, ಬಳಸುವವರಿಂದ ದುಡ್ಡು ಕೇಳಲಿಲ್ಲ. ಇಷ್ಟವಾದರೆ ಆ ಮಕ್ಕಳಿಗೆ ಕೊಡಿ ಅಂದರು. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ನನಗೆ ನಮ್ಮ ಲ್ಯಾಬಿನ ಆ ಸ್ಟೂಲ್ ನೆನಪಾಯಿತು.

ನಾವು ಫೈನಲ್ ಇಯರ್‌ಗೆ ಬಂದಾಗ ರಿಸೆಷನ್. ಆಫರ್ ಲೆಟರ್ ಇದ್ದವರಿಗೆ ಜಾಯಿನಿಂಗ್ ಡೇಟ್ ಇಲ್ಲ, ನನಗೆ ಲೆಟರ್ರೇ ಇಲ್ಲ. ಗಾಬರಿಯಲ್ಲಿ ಒಂದು ಕಡೆ 3,000 ರೂಪಾಯಿ ಕಟ್ಟಿ ಇಂಟರ್ನ್‌ಶಿಪ್‌ಗೆ ಸೇರಿದೆ. ಒಂದು ತಿಂಗಳು ಅಂದವರು ನಾಲ್ಕು ದಿನ ಸ್ಲೈಡ್ ತೋರಿಸಿದರು. ಐದನೇ ದಿನ ಮಿರಮಿರ ಮಿಂಚುವ ಸರ್ಟಿಫಿಕೇಟ್ ಕೊಟ್ಟು ಕಳಿಸಿದರು. ಅಪ್ಪನಿಗೆ ಇವತ್ತಿಗೂ ಪೂರ್ತಿ ಕಥೆ ಹೇಳಿಲ್ಲ.

ಆಮೇಲೆ ನಮ್ಮದೇ ಕಾಲೇಜಿನ ಸೀನಿಯರ್ ಒಬ್ಬರು ಜಯನಗರದ ಒಂದು ಪುಟ್ಟ ಕಂಪನಿಗೆ ನನ್ನ ರೆಸ್ಯೂಮೆ ಕೊಟ್ಟರು. ಇಂಟರ್‌ವ್ಯೂ ಮಾಡಿದವರು ಆ ಸರ್ಟಿಫಿಕೇಟ್ ನೋಡಿ, "ಇದರಲ್ಲಿ ನೀವೇನು ಮಾಡಿದ್ರಿ?" ಅಂದರು. ನಾನು ತೊದಲಿದೆ. ಅವರು ಅದನ್ನು ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಮತ್ತೆ ಅದೇ ಕಪ್ಪು ಪರದೆ. ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲಿನಲ್ಲಿ ಹಳೇ ಐಪಿ ಅಡ್ರೆಸ್ (ನಡುವೆ ಚುಕ್ಕಿ ಇರುವ ಅಂಕಿಗಳ ಕಂಪ್ಯೂಟರ್ ವಿಳಾಸ) ಇರುವ ಕಡೆಯೆಲ್ಲ ಹೊಸದು ಹಾಕಬೇಕಿತ್ತು. ಇಡೀ ಫೈಲಿನಲ್ಲಿ ಹುಡುಕಿ ಬದಲಿಸುವ ಕಮಾಂಡ್, ಕೋಲನ್, ಪರ್ಸೆಂಟ್, ಎಸ್ ಅಂತ ಶುರು ಮಾಡಿದೆ. ಹಳೇ ಅಡ್ರೆಸ್ ಟೈಪ್ ಮಾಡುವಾಗ ಪ್ರತಿ ಚುಕ್ಕಿಯ ಹಿಂದೆಯೂ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿದೆ. ಹುಡುಕುವಾಗ ಬರೀ ಚುಕ್ಕಿ ಅಂದರೆ ಅಲ್ಲಿ ಯಾವ ಅಕ್ಷರ ಇದ್ದರೂ ಸೈ ಅಂತ ಅರ್ಥ. ಹಾಗೇ ಬಿಟ್ಟರೆ ಮುಟ್ಟಬಾರದ್ದೂ ಬದಲಾಗಿಬಿಡಬಹುದು. ಇಂಟರ್ನಲ್ಸ್‌ನಲ್ಲಿ ಇದೇ ತಪ್ಪಿಗೆ ಸರ್ ನನ್ನ ಅರ್ಧ ಮಾರ್ಕ್ಸ್ ಕತ್ತರಿಸಿದ್ದರು. "ಆ ಸ್ಲ್ಯಾಶ್ ಯಾಕೆ?" ಅಂತ ಇಂಟರ್‌ವ್ಯೂ ಮಾಡಿದವರು ಕೇಳಿದರು. ಹೇಳಿದೆ. "ಸೋಮವಾರದಿಂದ ಬನ್ನಿ, ತಿಂಗಳಿಗೆ ಐದು ಸಾವಿರ ಕೊಡ್ತೀವಿ" ಅಂದರು.

ಈಗ ಇಂಟರ್ನ್‌ಗಳ ಇಂಟರ್‌ವ್ಯೂ ನಾನೇ ಮಾಡುತ್ತೇನೆ. ಬರುವವರೆಲ್ಲ ಹೆಚ್ಚುಕಮ್ಮಿ ವಿಎಸ್ ಕೋಡ್ ಅನ್ನುವ ಹೊಸ ಎಡಿಟರ್ ಬಳಸುವವರೇ. ತಪ್ಪೇನಿಲ್ಲ, ನಾನೂ ಬಳಸುತ್ತೇನೆ, ವಿಮ್ ಕೀಗಳ ಎಕ್ಸ್‌ಟೆನ್ಷನ್ ಹಾಕಿಕೊಂಡು. ನಮ್ಮ ಟೀಮಿನಲ್ಲಿ ಒಬ್ಬರು ಈಮ್ಯಾಕ್ಸ್ ಅನ್ನುವ ಇನ್ನೊಂದು ಹಳೇ ಎಡಿಟರ್‌ನ ಭಕ್ತರಿದ್ದಾರೆ, ಅವರ ಜೊತೆ ಊಟದ ಹೊತ್ತಿನಲ್ಲಿ ಜಗಳ ಇದ್ದದ್ದೇ. ಆದರೂ ಸರ್ವರ್‌ಗೆ ಲಾಗಿನ್ ಆದಾಗ ಎದುರಿಗೆ ಸಿಗೋದು ಜಾಸ್ತಿ ವಿಐ ಜಾತಿಯದ್ದೇ. ವಿಮ್‌ಟ್ಯೂಟರ್ ಅಂತ ಟೈಪ್ ಮಾಡಿ, ತೆರೆಯುವ ಪಾಠದ ಮುಂದೆ ಅರ್ಧ ಗಂಟೆ ಕೂತರೆ ಭಯ ಹೋಗುತ್ತದೆ. ದುಡ್ಡು ಕಟ್ಟಿಸಿಕೊಳ್ಳುವ ಇಂಟರ್ನ್‌ಶಿಪ್ ಮಾತ್ರ ಬೇಡಪ್ಪಾ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ, ಅಲ್ಲಿ ಅವರೇ ನಿಮಗೆ ಸ್ಟೈಪೆಂಡ್ ಕೊಡುತ್ತಾರೆ. ಅದು ಸಿಗದಿದ್ದರೂ ಯಾವುದಾದರೂ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತವಾಗಿರುವ) ಪ್ರಾಜೆಕ್ಟಿನಲ್ಲಿ ಒಂದು ಸಣ್ಣ ತಪ್ಪು ಸರಿಮಾಡಿ ಕಳಿಸಿ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ ನಿಮ್ಮ ಪುಟದಲ್ಲಿ ಅದು ಕಂಡರೆ ನಾನು ಮೊದಲು ಕೇಳೋದು ಅದರ ಬಗ್ಗೆಯೇ.

ಕೆಲಸ ಸಿಕ್ಕ ದಿನ ಸಂಜೆ ಜಯನಗರ ಕಾಂಪ್ಲೆಕ್ಸ್ ಹತ್ತಿರ ನಿಂತು ಸರ್‌ಗೆ ಫೋನ್ ಮಾಡಿದೆ. ಬ್ಯಾಕ್‌ಸ್ಲ್ಯಾಶ್ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಆ ಅರ್ಧ ಮಾರ್ಕ್ಸ್ ಈಗ ಕೊಡೋಕಾಗಲ್ಲ ಕಣಯ್ಯಾ, ಲಿಸ್ಟ್ ಕಳಿಸಿಬಿಟ್ಟಿದೀನಿ" ಅಂದರು.