ಹೆಗಡೆ, ಹೆಗ್ಡೆ, ಹೆಗ್ಗಡೆ: ಅಡ್ಡಹೆಸರಿನ ಹುಡುಕಾಟ ಎಲ್ಲಿಗೆ ಬಂತು

ಹೆಗಡೆ, ಹೆಗ್ಡೆ, ಹೆಗ್ಗಡೆ ಎಂಬ ಹೆಸರುಗಳನ್ನು ಹಳೆಯ ಶಾಸನಗಳಲ್ಲೂ ಮತದಾರರ ಪಟ್ಟಿಯಲ್ಲೂ ಹುಡುಕಿ ಎಣಿಸುತ್ತಿದ್ದೇವೆ. ಶಾಸನಗಳ ಭಾಗ ಒಂದು ಹದಕ್ಕೆ ಬಂದಿದೆ. ಮತದಾರರ ಪಟ್ಟಿ ಇನ್ನೂ ಅರ್ಧದಲ್ಲಿದೆ, ಅದಕ್ಕೆ ಕಾರಣ ಒತ್ತಕ್ಷರ.

ಮೊದಲು ನಿಯಮ: ಮೂರು ಕಾಗುಣಿತಗಳನ್ನು ಒಂದೇ ಕಾಲಮ್ಮಿನಲ್ಲಿ ಕೂಡಿಸುವಂತಿಲ್ಲ. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಸಿದ್ದಾಪುರ ಸೀಮೆಯ ಹವ್ಯಕ ಬ್ರಾಹ್ಮಣರು. ಲೋಕಸಭೆಯ ಸ್ಪೀಕರ್ ಆಗಿದ್ದ ಕೆ.ಎಸ್. ಹೆಗ್ಡೆ ಕರಾವಳಿಯ ಬಂಟ ಸಮುದಾಯದವರು. ಧರ್ಮಸ್ಥಳದ ಹೆಗ್ಗಡೆಯವರು ಜೈನರು. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲಿನ ಎರಡೂ ಒಂದೇ ಆಗಿಬಿಡುತ್ತವೆ. ಕನ್ನಡದ ಕಾಗುಣಿತವೂ ಪಕ್ಕಾ ಪುರಾವೆಯಲ್ಲ, ಆದರೆ ಸುಳಿವಂತೂ ಹೌದು. ಯಂತ್ರ ಲಿಪ್ಯಂತರ ಮಾಡಿದ ದಾಖಲೆಗಳಲ್ಲಿ 'ಹೆಗ್ದೆ' ಎಂಬ ನಾಲ್ಕನೆಯದೂ ಹುಟ್ಟಿಕೊಳ್ಳುತ್ತದೆ. ಅದನ್ನು ಬೇರೆ ಕಾಲಮ್ಮಿಗೆ ಹಾಕಿ, ತಿದ್ದಬೇಡಿ.

ಶಾಸನಗಳಲ್ಲಿ ಹಳೆಯ ರೂಪ 'ಪೆರ್ಗಡೆ'. ಹಳಗನ್ನಡದ 'ಪಾಲ್' ಈಗಿನ 'ಹಾಲು' ಆದಂತೆ ಪೆರ್ಗಡೆ ಹೆರ್ಗಡೆಯಾಗಿ, ಹೆಗ್ಗಡೆಯಾಯಿತು. ಅದು ಜಾತಿಯ ಹೆಸರಲ್ಲ, ಹುದ್ದೆ. ಸುಂಕದ ಹೆಗ್ಗಡೆ ಎಂದರೆ ಸುಂಕ ವಸೂಲಿಯ ಅಧಿಕಾರಿ. ಬೇರೆ ಬೇರೆ ಸಮುದಾಯಗಳಲ್ಲಿ ಈ ಹೆಸರು ಇರುವುದಕ್ಕೂ ಇದೇ ಕಾರಣ: ಹುದ್ದೆ ಯಾರ ಮನೆಯಲ್ಲಿ ನಿಂತಿತೋ ಅವರ ಅಡ್ಡಹೆಸರಾಯಿತು. ನಾವು ಪಾಲಿಸುತ್ತಿರುವ ಕ್ರಮ: 'ಹೆಗ್ಗಡೆ' ವ್ಯಕ್ತಿಯ ಹೆಸರಿಗಿಂತ ಮೊದಲು ಬಂದರೆ ಹುದ್ದೆ, ನಂತರ ಬಂದರೆ 'ಪರಿಶೀಲಿಸಿ'. ನಂತರ ಬಂದದ್ದನ್ನೆಲ್ಲ ಅಡ್ಡಹೆಸರೆಂದು ಎಣಿಸುವುದು ಅವಸರ.

ಹುಡುಕುವಾಗ ಕೈಕೊಡುವ ಜಾಗಗಳಿವೆ. 'ಪೆರ್ಗಡೆ' ಎಂದಷ್ಟೇ ಹುಡುಕಿದರೆ 'ಮನೆವೆರ್ಗಡೆ' (ಮನೆಯ ಪೆರ್ಗಡೆ) ತಪ್ಪಿಹೋಗುತ್ತದೆ, ಸಮಾಸದಲ್ಲಿ ಪಕಾರ ವಕಾರವಾಗಿರುತ್ತದೆ. ಅರ್ಕಾವತ್ತು ಇನ್ನೂ ತರಲೆ. ಯೂನಿಕೋಡಿನಲ್ಲಿ ರ, ಹಲಂತ, ಗ ಎಂದು ಬರೆದದ್ದು ಒಂದು. ನಡುವೆ ಕಣ್ಣಿಗೆ ಕಾಣದ ಜೋಡಕ (ZWJ ಎಂಬ ಅಕ್ಷರ ಸಂಕೇತ) ಸೇರಿದ್ದು ಇನ್ನೊಂದು. ಅರ್ಕಾವತ್ತಿನ ಬದಲು ಕನ್ನಡದ ಅಂಕಿ ಒಂಬತ್ತನ್ನೇ ಒತ್ತಿ 'ಪೆಗ೯ಡೆ' ಎಂದು ಟೈಪ್ ಮಾಡಿದ್ದು ಮೂರನೆಯದು. ಓದುವವರಿಗೆ ಮೂರೂ ಒಂದೇ ಪದ, ಹುಡುಕುವ ಯಂತ್ರಕ್ಕೆ ಮೂರು ಬೇರೆ ಪದಗಳು. ಹೆಗ್ಗಡದೇವನಕೋಟೆ, ಕುಮಟಾ ತಾಲೂಕಿನ ಹೆಗಡೆ ಗ್ರಾಮ ಇಂಥ ಊರ ಹೆಸರುಗಳನ್ನು ಮೊದಲೇ ಬೇರ್ಪಡಿಸಿ.

ಯಾವ ಸಂಪುಟ ನೋಡಬೇಕು ಎನ್ನುವುದಕ್ಕೆ ಆಡಳಿತದ ಇತಿಹಾಸ ಬೇಕು. ಉತ್ತರ ಕನ್ನಡ 1862ರಲ್ಲಿ ಬೊಂಬಾಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1956ರಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಬಂದವು. ಹಾಗಾಗಿ ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಸೊರಬ, ಸಾಗರ ಸಿಗುತ್ತವೆ, ಶಿರಸಿ ಸಿಗುವುದಿಲ್ಲ. ಹೆಸರು ಬರೆಯುವ ರೀತಿಯಲ್ಲೂ ಈ ಗಡಿ ಕಾಣುತ್ತದೆ: ಉತ್ತರ ಕನ್ನಡದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು; ದಕ್ಷಿಣ ಕನ್ನಡದಲ್ಲಿ ಮುಂದೆ ಇನಿಷಿಯಲ್ಲು.

ಈಗ ಮತದಾರರ ಪಟ್ಟಿ. ಚಿತ್ರರೂಪದ ಪಿಡಿಎಫ್, ಪುಟಕ್ಕೆ 30 ಚೌಕ. ಇಡೀ ಪುಟವನ್ನು ಟೆಸರಾಕ್ಟಿಗೆ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಕೊಟ್ಟರೆ ಸಾಲುಗಳ ನಡುವೆ ಜಾಗ ಸಾಲದೆ ಕೆಳಗಿನ ಒತ್ತು ಮುಂದಿನ ಸಾಲಿನ ಪಾಲಾಗುತ್ತದೆ. ಪರಿಣಾಮ, 'ಹೆಗ್ಗಡೆ' ಹೋಗಿ 'ಹೆಗಡೆ'. ಓದಿನ ತಪ್ಪು ಸರಿಯಾದ ಇನ್ನೊಂದು ಹೆಸರಿನ ವೇಷದಲ್ಲಿ ಬರುವುದರಿಂದ ಕಾಗುಣಿತ ಪರೀಕ್ಷೆಗೂ ಸಿಗದು. ಮೊದಲು ಚೌಕಗಳನ್ನು ಕತ್ತರಿಸಿ, 400 ಡಿಪಿಐಗೆ ಹಿಗ್ಗಿಸಿ, ಒಂದೊಂದನ್ನೇ ಓದಿಸುವುದು ವಾಸಿ. ಆಮೇಲೂ 'ಹೆಗಡೆ' ಎಂದು ಬಂದ ಚೌಕಗಳಲ್ಲಿ ಕೆಲವನ್ನು ಪ್ರತಿ ಮತಗಟ್ಟೆಯಿಂದ ಆರಿಸಿ ಕಣ್ಣಾರೆ ನೋಡಲೇಬೇಕು.

ಎಣಿಕೆ ಎರಡು ಬಗೆ ಇಡಿ: ಮತದಾರರು ಮತ್ತು ಮನೆ ಸಂಖ್ಯೆಗಳು. ಒಂದು ದೊಡ್ಡ ಅವಿಭಕ್ತ ಕುಟುಂಬ ಸಣ್ಣ ಮತಗಟ್ಟೆಯ ಲೆಕ್ಕವನ್ನೇ ವಾಲಿಸಬಲ್ಲದು. 18 ತುಂಬದವರು ಪಟ್ಟಿಯಲ್ಲೇ ಇಲ್ಲ. ಮದುವೆಯಾಗಿ ಬಂದವರು ಗಂಡನ ಅಡ್ಡಹೆಸರಿನಲ್ಲಿರಬಹುದು. ಬಂಟರಲ್ಲಿ ಬಳಿ (ಕುಲದ ಗುರುತು) ತಾಯಿಯ ಕಡೆಯಿಂದ ಬರುತ್ತದೆ, ಅಡ್ಡಹೆಸರು ಹಿಡಿದು ವಂಶ ಹೇಳಲು ಹೊರಡಬೇಡಿ.

ಮುಂದಿನ ಸರದಿ ಕಾರ್ಕಳ ಕ್ಷೇತ್ರ. ಜೈನರ 'ಹೆಗ್ಗಡೆ'ಯೂ ಬಂಟರ 'ಹೆಗ್ಡೆ'ಯೂ ಅಕ್ಕಪಕ್ಕ ಬರುವ ಸೀಮೆಯಾದ್ದರಿಂದ ಅಲ್ಲಿ ಮಾದರಿ ಪರಿಶೀಲನೆ ಸಾಲದು, ಈ ಹೆಸರಿನ ಪ್ರತಿ ಚೌಕವನ್ನೂ ಕಣ್ಣಲ್ಲೇ ಓದುವುದೆಂದು ತೀರ್ಮಾನವಾಗಿದೆ.