ನೆಲದಾಳದ ಬಿಸಿ: ಮೂರನೆಯ ತಿಂಗಳ ಪ್ರಗತಿ

ತೀರ್ಥಹಳ್ಳಿಯಂಥ ಊರಿಗೆ ಪಟ್ಟಣ ಪಂಚಾಯಿತಿಯೇ ನಡೆಸಬಹುದಾದ, ನೆಲದಾಳದ ಬಿಸಿಯಿಂದ ಶಾಖವನ್ನೂ ವಿದ್ಯುತ್ತನ್ನೂ ಪಡೆಯುವ ಭೂಶಾಖ ಸ್ಥಾವರವೊಂದನ್ನು ಕಾಗದದ ಮೇಲಾದರೂ ಸರಿಯಾಗಿ ಲೆಕ್ಕ ಹಾಕಬೇಕೆಂದು ಹೊರಟು ಮೂರು ತಿಂಗಳಾಯಿತು. ನಂಬಬಹುದಾದ ಅಳತೆ ಈ ತಿಂಗಳು ಮೊದಲ ಬಾರಿಗೆ ಸಿಕ್ಕಿದೆ. ಅದರಿಂದಾಗಿಯೇ ಯೋಜನೆಯಲ್ಲಿದ್ದ ವಿದ್ಯುತ್ತಿನ ಭಾಗವನ್ನು ಕೈಬಿಡುತ್ತಿದ್ದೇನೆ.

ಅಳತೆಗೆ ಆರಿಸಿಕೊಂಡದ್ದು ತೋಟದ ಮೇಲಿನ ಗುಡ್ಡದಂಚಿನಲ್ಲಿ, ನೀರು ಸಾಲದೆಂದು ನಾಲ್ಕು ವರ್ಷಗಳ ಹಿಂದೆ ಮೋಟಾರು ಎತ್ತಿದ ಕೊಳವೆಬಾವಿಯನ್ನು. ಪಂಪು ನಡೆಯುವ ಬಾವಿಯಲ್ಲಿ ಬೇರೆ ಬೇರೆ ಆಳದ ನೀರು ಬೆರೆಯುವುದರಿಂದ ಬಂಡೆಯ ನಿಜವಾದ ಉಷ್ಣತೆ ತಿಳಿಯುವುದಿಲ್ಲ. ಉಷ್ಣತೆ ಅಳೆಯಲು ಇಳಿಸಿದ ಮೊದಲ ಸಂವೇದಕದೊಳಗೆ ನೀರು ನುಗ್ಗಿ ಅದು ಹಾಳಾಯಿತು. ಎರಡನೆಯದರ ತುದಿಯನ್ನು ಎಪಾಕ್ಸಿ ಅಂಟಿನಿಂದ ಮುಚ್ಚಿ, ಕರಗುತ್ತಿರುವ ಐಸಿನ ನೀರಿನಲ್ಲಿ ಸೊನ್ನೆ ತೋರಿಸುವಂತೆ ಸರಿಪಡಿಸಿ, ಹತ್ತು ಮೀಟರಿಗೊಮ್ಮೆ ನಿಲ್ಲಿಸುತ್ತ ಇಳಿಸಿದೆ. ಮಳೆ, ಬಿಸಿಲುಗಳ ಪ್ರಭಾವವಿರುವ ಮೇಲಿನ ಭಾಗವನ್ನು ಬಿಟ್ಟರೆ 40 ಮೀಟರಿನಲ್ಲಿ 25.1 ಡಿಗ್ರಿ, 150 ಮೀಟರಿನಲ್ಲಿ 26.4 ಡಿಗ್ರಿ ಸೆಲ್ಸಿಯಸ್ ಬಂತು. ಅಂದರೆ ಕಿಲೋಮೀಟರಿಗೆ ಸುಮಾರು 12 ಡಿಗ್ರಿ ಏರಿಕೆ.

ಇದು ಒಂದೇ ಬಾವಿಯ ಅಳತೆ, ಬಿರುಕುಗಳಲ್ಲಿ ಹರಿಯುವ ನೀರು ಅಂಕಿಯನ್ನು ಕೆಡಿಸಿರಲೂಬಹುದು. ಆದರೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಕೋಲಾರದ ಚಿನ್ನದ ಗಣಿಯ ತಳದಲ್ಲಿ ಬಂಡೆ 65 ಡಿಗ್ರಿಯ ಆಸುಪಾಸಿನಲ್ಲಿತ್ತೆಂಬುದು, ನೆಲದ ಮೇಲ್ಭಾಗದ ಸುಮಾರು 25 ಡಿಗ್ರಿಯಿಂದ ಲೆಕ್ಕ ಹಿಡಿದರೆ, ಇದಕ್ಕೆ ಹೊಂದುತ್ತದೆ. ಭೂಖಂಡಗಳಲ್ಲಿ ಸಾಮಾನ್ಯವಾಗಿ ಹೇಳುವ ಏರಿಕೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ. ನಮ್ಮ ಕಾಲಡಿಯ ಧಾರವಾಡ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಇಷ್ಟು ಪುರಾತನ ನೆಲದಲ್ಲಿ ಕೆಳಗಿನಿಂದ ಬರುವ ಶಾಖವೂ ಕಡಿಮೆ, ಯುರೇನಿಯಂ, ಥೋರಿಯಂಗಳಂಥ ವಿಕಿರಣಶೀಲ ಧಾತುಗಳಿಂದ ಬಂಡೆಯೊಳಗೇ ಹುಟ್ಟುವ ಶಾಖವೂ ಕಡಿಮೆ.

ನಾನು ಮಾದರಿಯಾಗಿ ಇಟ್ಟುಕೊಂಡದ್ದು ಜರ್ಮನಿಯ ಮ್ಯೂನಿಕ್ ಪಕ್ಕದ ಉಂಟರ್‌ಹಾಕಿಂಗ್ ಎಂಬ ಊರಿನ ಸ್ಥಾವರವನ್ನು. ಅಲ್ಲಿ ಸುಮಾರು 3,350 ಮೀಟರ್ ಆಳದ ಬಾವಿಯಿಂದ 122 ಡಿಗ್ರಿಯ ನೀರು ಬರುತ್ತದೆ. 2007ರಿಂದ ಅದು ಮನೆಗಳನ್ನು ಬೆಚ್ಚಗಿಟ್ಟಿದೆ, 2009ರಿಂದ ಕೆಲವು ವರ್ಷ ವಿದ್ಯುತ್ತನ್ನೂ ಕೊಟ್ಟಿತು. ಅಷ್ಟೇ ಬಿಸಿಗೆ ನಮ್ಮಲ್ಲಿ 8 ಕಿಲೋಮೀಟರ್ ಕೊರೆಯಬೇಕು. ಕೊರೆದರೂ ಅಲ್ಲಿಯಂತೆ ನೀರು ತುಂಬಿದ ಸುಣ್ಣಕಲ್ಲು ನಮಗಿಲ್ಲ. ಫ್ರಾನ್ಸಿನಲ್ಲಿ ಭೂಶಾಖ ಯೋಜನೆಯಿರುವ ಸುಲ್ಟ್ಸ್‌ನಲ್ಲಿ ಮಾಡಿದಂತೆ ಗಟ್ಟಿ ಗ್ರಾನೈಟಿನ ಬಿರುಕುಗಳನ್ನು ಒತ್ತಡದ ನೀರಿನಿಂದ ತೆರೆಯಬೇಕಾಗುತ್ತದೆ, ಮತ್ತು ಅದು ಸಣ್ಣಪುಟ್ಟ ಭೂಕಂಪನಗಳಿಗೂ ದಾರಿಯಾಗುತ್ತದೆ. ಪಶ್ಚಿಮ ಘಟ್ಟದ ಮಗ್ಗುಲಿನಲ್ಲಿ ಅಂಥದ್ದನ್ನು ನಾನು ಕಾಗದದ ಮೇಲೂ ಬರೆಯಲಾರೆ.

ಶಾಖದ ಅಗತ್ಯವನ್ನು ಮಾತ್ರ ಬಿಡಲು ಮನಸ್ಸಿಲ್ಲ. ನಮ್ಮ ಊರಿಗೆ ಬೇಕಾದದ್ದು ಮನೆ ಬೆಚ್ಚಗಿಡುವ ಬಿಸಿಯಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಬೇಯಿಸಿದ ಅಡಿಕೆ ಅಂಗಳದಲ್ಲೇ ಬೂಸ್ಟು ಹಿಡಿಯುವಾಗ ಬೇಕಾದ, 60 ಡಿಗ್ರಿ ಮೀರದ ಒಣಗಾಳಿ. ಈಗ ಅದಕ್ಕೆ ಸೌದೆ ಉರಿಸುತ್ತೇವೆ. ನನ್ನ ಅಳತೆಯ ಪ್ರಕಾರ 60 ಡಿಗ್ರಿ ಸಿಗಲು 3 ಕಿಲೋಮೀಟರ್ ಇಳಿಯಬೇಕು, ಅದೂ ಅಡಿಕೆಯ ಮಟ್ಟಿಗೆ ಸಲ್ಲದ ಖರ್ಚು. ಹಾಗಾಗಿ ಇರುವ 26 ಡಿಗ್ರಿಯ ನೀರಿನ ಶಾಖವನ್ನೇ ಹೀಟ್ ಪಂಪಿನಿಂದ (ಫ್ರಿಜ್ಜಿನಂತೆ ವಿದ್ಯುತ್ತು ಬಳಸಿ, ಕಡಿಮೆ ಬಿಸಿಯ ಕಡೆಯಿಂದ ಹೆಚ್ಚು ಬಿಸಿಯ ಕಡೆಗೆ ಶಾಖ ಸಾಗಿಸುವ ಯಂತ್ರ) ಮೇಲಕ್ಕೇರಿಸುವ ಲೆಕ್ಕ ಆರಂಭಿಸಿದ್ದೇನೆ. ಮುಂದಿನ ಕೆಲಸ ಹಳ್ಳದಾಚೆಯ ಬಾವಿಯನ್ನು ಅಳೆಯುವುದು, ಮತ್ತು ಒಂದು ಕ್ವಿಂಟಾಲ್ ಬೇಯಿಸಿದ ಅಡಿಕೆ ಒಣಗುವಾಗ ಎಷ್ಟು ತೂಕ ಕಳೆದುಕೊಳ್ಳುತ್ತದೆಂದು ದಿನವೂ ತಕ್ಕಡಿಗೆ ಹಾಕಿ ಬರೆದಿಡುವುದು.