ಒಬ್ಬನೇ ನಡೆದರೆ ಆಗಲ್ವಾ?

ಸಿಗರೇಟು ಹೇಗೆ ಬಿಟ್ರಿ ಅಂತ ಯಾರಾದರೂ ಕೇಳಿದರೆ, ಬೆಳಗಿನ ವಾಕಿಂಗ್ ಗುಂಪು ಸೇರಿಕೊಂಡೆ ಅನ್ನುತ್ತೇನೆ. ತಕ್ಷಣ ಎರಡನೇ ಪ್ರಶ್ನೆ ಬರುತ್ತದೆ. "ಅದಕ್ಕೆ ಗುಂಪು ಯಾಕೆ? ಒಬ್ಬನೇ ನಡೆದರೆ ಆಗಲ್ವಾ?" ಮದುವೆ ಮನೆ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಇದಕ್ಕೆ ಉತ್ತರ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಬ್ಬನೇ ನಡೆದು ನೋಡಿದ್ದೇನೆ. ಎರಡು ಸಲ ಹೊಸ ಶೂ ತಗೊಂಡು ಕುಕ್ಕರಹಳ್ಳಿ ಕೆರೆಗೆ ಹೊರಟೆ. ಮೊದಲ ವಾರ ಭರ್ಜರಿ. ಎರಡನೇ ವಾರ ಅಲಾರಂ ಹೊಡೆದ ಕೂಡಲೇ ತಲೆಯೊಳಗೆ ಒಂದು ಕೋರ್ಟು ಶುರುವಾಗುತ್ತಿತ್ತು. ರಾತ್ರಿ ಮಲಗಿದ್ದು ತಡ, ಹೊರಗೆ ಮೋಡ ಇದೆ, ಸಂಜೆ ಹೋದರಾಯ್ತು. ವಕೀಲನೂ ನಾನೇ, ಜಡ್ಜೂ ನಾನೇ. ಕೇಸು ಗೆಲ್ಲುತ್ತಿದ್ದದ್ದು ಮಾತ್ರ ಹಾಸಿಗೆ.

ಗುಂಪು ಸೇರಿದ ಮೇಲೆ ನನಗೆ ಛಲ ಜಾಸ್ತಿ ಆಯಿತು ಅಂತೇನೂ ಇಲ್ಲ. ಆ ಕೋರ್ಟು ಮುಚ್ಚಿತು, ಅಷ್ಟೇ. ಆರು ಗಂಟೆಗೆ ಕೆರೆ ಗೇಟಿನ ಹತ್ತಿರ ಐದು ಜನ ನಿಂತಿರುತ್ತಾರೆ. ಹೋಗಬೇಕೋ ಬೇಡವೋ ಅನ್ನುವುದು ಹಿಂದಿನ ದಿನವೇ ತೀರ್ಮಾನ ಆಗಿರುತ್ತದೆ. ಎಲ್ಲಿ, ಯಾವಾಗ ಅಂತ ಮೊದಲೇ ಗೊತ್ತುಮಾಡಿಕೊಂಡವರು, ಸುಮ್ನೆ "ಮಾಡಬೇಕು" ಅಂದುಕೊಂಡವರಿಗಿಂತ ಹೆಚ್ಚು ಸಲ ಮಾಡಿ ಮುಗಿಸುತ್ತಾರೆ ಅಂತ ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ 1990ರ ದಶಕದಲ್ಲೇ ತೋರಿಸಿದ್ದಾರೆ. ನಮ್ಮಲ್ಲಿ ಗೊತ್ತುಮಾಡುವ ಕೆಲಸ ನಿವೃತ್ತ ಮೇಷ್ಟ್ರೊಬ್ಬರದ್ದು. ಬರದಿದ್ದರೆ ಫೋನ್ ಮಾಡುವುದಿಲ್ಲ. ಮರುದಿನ ಮುಖ ನೋಡಿ "ಹುಷಾರಾಗಿದ್ದೀಯೇನಪ್ಪಾ?" ಅನ್ನುತ್ತಾರೆ. ಸುಳ್ಳು ಹೇಳೋಕೆ ಬಾಯೇ ಬರಲ್ಲ.

ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಅಲ್ಲಿ ನಮ್ಮದೊಂದು ಕಟ್ಟುಪಾಡಿದೆ. ಸುಮಾರು 700 ಮೆಟ್ಟಿಲು ಹತ್ತಿದರೆ ನಂದಿ ಸಿಗುತ್ತಾನಲ್ಲ, ಅಲ್ಲಿಗೆ ಕೊನೆಯವನು ಬರುವ ತನಕ ಯಾರೂ ಮುಂದೆ ಹೋಗುವಂತಿಲ್ಲ. ಆ ಕೊನೆಯವನು ನಾನೇ. 200ಕ್ಕೇ ಏದುಸಿರು. ಮೇಷ್ಟ್ರು ಮೇಲಿಂದ "ನಿಧಾನಕ್ಕೆ ಬಾಪ್ಪಾ, ನಂದಿ ಎಲ್ಲೂ ಎದ್ದು ಹೋಗಲ್ಲ" ಅನ್ನುತ್ತಿದ್ದರು. ಬೈದಿದ್ದರೇ ವಾಸಿ ಇತ್ತು.

1920ರ ದಶಕದಲ್ಲಿ ಓಟ್ಟೋ ಕೋಹ್ಲರ್ ಎಂಬುವರು ಬರ್ಲಿನ್‌ನಲ್ಲಿ ದೋಣಿಗೆ ಹುಟ್ಟು ಹಾಕುವ ಕ್ಲಬ್ಬಿನವರಿಂದ ಭಾರ ಎತ್ತಿಸಿ ನೋಡಿದರು. ಮೊದಲು ಒಬ್ಬೊಬ್ಬರೇ. ಆಮೇಲೆ ಇಬ್ಬರು ಸೇರಿ ಒಂದೇ ಕಂಬಿ ಹಿಡಿದು ಎರಡರಷ್ಟು ಭಾರ. ಒಬ್ಬ ಸೋತರೂ ಆಟ ಮುಗಿದಂತೆ. ಹಾಗಿದ್ದಾಗ ಬಲ ಕಡಿಮೆ ಇದ್ದವನು, ಒಬ್ಬನೇ ಇದ್ದಾಗ ತಡೆದದ್ದಕ್ಕಿಂತ ಹೆಚ್ಚು ಹೊತ್ತು ತಡೆದ. ನಮ್ಮಿಂದ ಬೇರೆಯವರು ಕಾಯುವಂತಾಗಬಾರದು ಅನ್ನುವ ಸಂಕೋಚಕ್ಕೆ ಎಷ್ಟು ಶಕ್ತಿ ನೋಡಿ. ಆದರೆ ಇಬ್ಬರ ಬಲದಲ್ಲಿ ತೀರಾ ಅಂತರ ಇದ್ದರೆ ಈ ಲಾಭ ಕರಗಿಹೋಗುತ್ತದೆ. ಹಾಗಾಗಿ, ಇವತ್ತು ಶುರು ಮಾಡುವವರು ಮ್ಯಾರಥಾನ್ ಓಡುವವರ ಜೊತೆ ಸೇರಬೇಡಿ. ವಾಟ್ಸಾಪಿನಲ್ಲಿ ದಿನಾ ಹೆಜ್ಜೆ ಲೆಕ್ಕ ಹಾಕುವ ಗುಂಪುಗಳೂ ನನಗೆ ಆಗಿಬರಲಿಲ್ಲ. ಹದಿನೈದು ಸಾವಿರ ಹೆಜ್ಜೆಯವನು ಮೆರೆಯುತ್ತಾನೆ, ಮೂರು ಸಾವಿರದವನು ಸದ್ದಿಲ್ಲದೆ ಹೊರಬೀಳುತ್ತಾನೆ. ಪಟ್ಟಾಭಿ ಜೋಯಿಸರು ಕಲಿಸಿದ, ಜಗತ್ತೆಲ್ಲ "ಮೈಸೂರು ಸ್ಟೈಲ್" ಅಂತ ಕರೆಯುವ ಯೋಗದ ಕ್ರಮ ನನಗೆ ಇಷ್ಟ. ಒಂದೇ ಹಾಲ್, ಎಲ್ಲರೂ ಜೊತೆಗೆ, ಆದರೆ ಅವರವರ ವೇಗ ಅವರವರಿಗೆ.

ಸಿಗರೇಟಿನ ವಿಷಯಕ್ಕೆ ಬರುತ್ತೇನೆ. ನನ್ನದು ಕಾಫಿಗೆ ಅಂಟಿಕೊಂಡ ಚಟ. ಲೋಟ ಒಂದು ಕೈಗೆ ಬಂದರೆ ಇನ್ನೊಂದು ಕೈ ಜೇಬಿಗೆ ಹೋಗುತ್ತಿತ್ತು. ಈಗ ಬೆಳಗಿನ ಕಾಫಿ ನಡಿಗೆ ಆದ ಮೇಲೆ, ಸೇದದ ಐದು ಜನರ ಮಧ್ಯೆ. ಕಾಫಿ ಅದೇ, ಆದರೆ ಜಾಗ ಬೇರೆ, ಜೊತೆ ಬೇರೆ. ಕೈಗೆ ಜೇಬಿನ ದಾರಿ ಮರೆತೇಹೋಯಿತು. ಯಾರೂ ನನಗೆ ಬುದ್ಧಿ ಹೇಳಲಿಲ್ಲ. ಆಫೀಸಿನ ಮಧ್ಯಾಹ್ನದ ಸಿಗರೇಟು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಸ್ವಲ್ಪ ಹೊತ್ತು ಚುರುಕಾಗಿ ನಡೆದರೆ ಸೇದುವ ಚಪಲ ತಗ್ಗುತ್ತದೆ, ಅದು ಪ್ರಯೋಗಗಳಲ್ಲೂ ಕಂಡಿದೆ. ಆದರೂ ಡಾಕ್ಟರು ಕೊಟ್ಟ ನಿಕೋಟಿನ್ ಗಮ್ ಬೇಕಾಯಿತು. ಗುಂಪೊಂದೇ ಬಿಡಿಸಿತು ಅಂದರೆ ಸುಳ್ಳಾಗುತ್ತದೆ.

ಎಷ್ಟು ದಿನ ಬೇಕು ಅಂತಲೂ ಕೇಳುತ್ತಾರೆ. 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತು ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದಾಗ ಹೊಸ ಅಭ್ಯಾಸ ಮೈಗೂಡಲು ಹಿಡಿದದ್ದು ಸರಾಸರಿ 66 ದಿನ. ಕೆಲವರಿಗೆ 18 ಸಾಕಾದರೆ, ಇನ್ನು ಕೆಲವರಿಗೆ 254ರವರೆಗೂ ಬೇಕು ಅಂತ ಅವರ ಲೆಕ್ಕ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಅನ್ನುವುದೂ ಅದರಲ್ಲೇ ಇದೆ. ದಸರೆಗೆ ನೆಂಟರು ಬಂದು ನಾನು ಒಂದಿಡೀ ವಾರ ತಪ್ಪಿಸಿದ್ದೆ, ಅದು ಬೇರೆ ಮಾತು.

ಗುಂಪಿಗೂ ಚಟಗಳಿರುತ್ತವೆ. ನಮ್ಮದು ಬೆಟ್ಟ ಇಳಿದ ಮೇಲೆ ಬೆಣ್ಣೆ ಹಾಕಿದ ಮಸಾಲೆ ದೋಸೆ. ಹೋದ ತಿಂಗಳು ಧೈರ್ಯ ಮಾಡಿ ನಾನು ಎರಡು ಇಡ್ಲಿ ಹೇಳಿದೆ. ಐದೂ ಜನ ತಿರುಗಿ ನೋಡಿದರು. ಮೇಷ್ಟ್ರು ನನ್ನ ಮುಖವನ್ನೇ ನೋಡಿ "ಹುಷಾರಾಗಿದ್ದೀಯೇನಪ್ಪಾ?" ಅಂದರು.

ಸಪ್ಲೈಯರ್‌ನನ್ನು ವಾಪಸ್ ಕರೆದು ದೋಸೆ ಹೇಳಿದೆ.